ಹದಿನಾಲ್ಕು ಜೆರ್ಸಿ, ಒಂದು ಕರ್ವ್‌ಬಾಲ್

2015ರ ಬೇಸಿಗೆಯಲ್ಲಿ ರಿಚ್ ಹಿಲ್ ಎಂಬ ಅಮೆರಿಕದ ಬೇಸ್‌ಬಾಲ್ ಆಟಗಾರನಿಗೆ, ಎಡಗೈ ಪಿಚರ್‌ಗೆ (ಚೆಂಡು ಎಸೆಯುವವರು), 35 ವರ್ಷ. ಕೈಯಲ್ಲಿ ಕೆಲಸ ಇರಲಿಲ್ಲ. ವಾಷಿಂಗ್ಟನ್ ನ್ಯಾಷನಲ್ಸ್‌ನ ಮೈನರ್ ಲೀಗ್ (ಕೆಳಗಿನ ಮಟ್ಟದ) ತಂಡದಿಂದ ಜೂನ್‌ನಲ್ಲಿ ಹೊರಬಂದಿದ್ದರು. ಆಟದ ಶುರುವಿನಿಂದ ಎಸೆಯುವ ಸ್ಟಾರ್ಟರ್ ಆಗಿ ಮತ್ತೆ ನಿಲ್ಲಬೇಕು ಅನ್ನುವುದು ಅವರ ಆಸೆ. ಆರು ವರ್ಷದಿಂದ ಅಲ್ಲಿನ ಎಲ್ಲಕ್ಕಿಂತ ಮೇಲಿನ ಮಟ್ಟವಾದ ಮೇಜರ್ ಲೀಗ್‌ನಲ್ಲಿ ಯಾರೂ ಅವರಿಗೆ ಆ ಕೆಲಸ ಕೊಟ್ಟಿರಲಿಲ್ಲ. ಕೊನೆಗೆ ಅವರು ಹೋಗಿ ಸೇರಿದ್ದು ಲಾಂಗ್ ಐಲ್ಯಾಂಡ್ ಡಕ್ಸ್ ತಂಡವನ್ನು.

ಡಕ್ಸ್ ಅಟ್ಲಾಂಟಿಕ್ ಲೀಗ್‌ನ ತಂಡ. ಆಗ ಆ ಲೀಗ್‌ಗೆ ಮೇಜರ್ ಲೀಗ್ ಜೊತೆ ಯಾವ ಸಂಬಂಧವೂ ಇರಲಿಲ್ಲ. ದೊಡ್ಡ ತಂಡಗಳು ಬಿಟ್ಟುಬಿಟ್ಟ ಆಟಗಾರರು, ಇನ್ನೊಂದು ಸಲ ಯಾರಾದರೂ ನೋಡಲಿ ಅಂತ ಬಂದು ಆಡುವ ಜಾಗ ಅದು. ಸಂಬಳ ತಿಂಗಳಿಗೆ ಹೆಚ್ಚೆಂದರೆ ಕೆಲವು ಸಾವಿರ ಡಾಲರ್. ಹಿಲ್ ಅಲ್ಲಿ ಆಡಿದ್ದು ಎರಡೇ ಆಟ. 11 ಇನಿಂಗ್ಸ್ ಎಸೆದರು, 21 ಜನರನ್ನು ಸ್ಟ್ರೈಕ್‌ಔಟ್ (ಬರೀ ಎಸೆತದಿಂದಲೇ ಔಟ್) ಮಾಡಿದರು, ಒಂದು ರನ್ನೂ ಕೊಡಲಿಲ್ಲ. ಆಗಸ್ಟ್ ಮಧ್ಯದಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಅವರನ್ನು ಮೈನರ್ ಲೀಗ್ ಒಪ್ಪಂದದ ಮೇಲೆ ತೆಗೆದುಕೊಂಡಿತು.

ಅಲ್ಲಿಂದ ಮುಂದೆ ಅವರು ಹತ್ತು ವರ್ಷ ಎಸೆದರು. 45ನೇ ವಯಸ್ಸಿನವರೆಗೆ. ಒಟ್ಟು 14 ಮೇಜರ್ ಲೀಗ್ ತಂಡಗಳ ಪರ. ಇದಕ್ಕಿಂತ ಜಾಸ್ತಿ ತಂಡಗಳಿಗೆ ಆಡಿದವರು ಆ ಲೀಗ್‌ನ ಇತಿಹಾಸದಲ್ಲೇ ಇಲ್ಲ. ಸಮಕ್ಕೆ ನಿಲ್ಲುವವರು ಒಬ್ಬರೇ, ಎಡ್ವಿನ್ ಜಾಕ್ಸನ್. ಅವರ ಮಾತು ಆಮೇಲೆ ಬರುತ್ತದೆ.

ಹದಿನಾಲ್ಕು ತಂಡ ಅಂದ ಕೂಡಲೇ ನಮಗೆ ಬರುವ ಮೊದಲ ಯೋಚನೆ, ಹದಿಮೂರು ತಂಡಗಳು ಬೇಡ ಅಂದವು ಅಂತ. ನಾನೂ ಮೊದಮೊದಲು ಹಾಗೇ ಲೆಕ್ಕ ಹಾಕುತ್ತಿದ್ದೆ. ಹಿಲ್ ಅವರ ವರ್ಷಗಳನ್ನು ಒಂದೊಂದಾಗಿ ನೋಡುತ್ತಾ ಹೋದಂತೆ ಆ ಲೆಕ್ಕ ನನಗೆ ಒಪ್ಪಿಗೆ ಆಗಲಿಲ್ಲ. ಅವರ ಕೈಯಲ್ಲಿ 2007ರಲ್ಲಿ ಇದ್ದ ಕರ್ವ್‌ಬಾಲ್ (ಗಾಳಿಯಲ್ಲೇ ತಿರುಗಿ ಕೆಳಕ್ಕೆ ಬೀಳುವ ಎಸೆತ) 2015ರಲ್ಲೂ ಇತ್ತು. ನಡುವೆ ಅದನ್ನು ನೋಡಿದವರು ಬೇರೆ ಬೇರೆ, ಅದರಿಂದ ಕೇಳಿದ್ದೂ ಬೇರೆ ಬೇರೆ. ಒಂದು ತಂಡ ಒಬ್ಬ ಆಟಗಾರನನ್ನು ಬಿಟ್ಟಾಗ ನಮಗೆ ಆಟಗಾರನ ಬಗ್ಗೆ ಎಷ್ಟು ಗೊತ್ತಾಗುತ್ತದೋ, ಆ ತಂಡದ ಕಣ್ಣಿನ ಬಗ್ಗೆಯೂ ಅಷ್ಟೇ ಗೊತ್ತಾಗುತ್ತದೆ.

ಬೇಸ್‌ಬಾಲ್ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ, ಆದರೆ ಓಡಿ ಬರುವಂತಿಲ್ಲ. ಸುಮಾರು 25 ಸೆಂಟಿಮೀಟರ್ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು, 18.44 ಮೀಟರ್ ದೂರದ ಕಡೆಗೆ ಎಸೆಯಬೇಕು. ಮೊಣಕೈ ಮಡಿಸಬಹುದು. ಚೆಂಡು ನೆಲಕ್ಕೆ ಬಡಿದು ಏಳುವುದಿಲ್ಲ, ಹಾಗಾಗಿ ಪಿಚ್‌ನಿಂದ ಯಾವ ಸಹಾಯವೂ ಇಲ್ಲ. ತಿರುವು ಏನಿದ್ದರೂ ಗಾಳಿಯಲ್ಲೇ ಆಗಬೇಕು. ಬ್ಯಾಟರ್‌ನ ಮೊಣಕಾಲಿನಿಂದ ಎದೆಯವರೆಗೆ, ಮುಂದಿರುವ ಪ್ಲೇಟಿನ ಅಗಲಕ್ಕೆ, ಒಂದು ಕಾಣದ ಚೌಕಟ್ಟು ಇದೆ. ಅದರೊಳಗೆ ಬಿದ್ದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್, ಅದೇ ಸ್ಟ್ರೈಕ್‌ಔಟ್. ಮೂವರು ಔಟಾದರೆ ಒಂದು ಇನಿಂಗ್ಸ್ ಮುಗಿಯಿತು, ಆಟಕ್ಕೆ ಒಂಬತ್ತು ಇನಿಂಗ್ಸ್. ನಾಲ್ಕು ಬಾಲ್ ಆದರೆ ಬ್ಯಾಟರ್ ಸುಮ್ನೆ ನಡೆದುಕೊಂಡು ಮೊದಲ ಬೇಸ್‌ಗೆ ಹೋಗುತ್ತಾನೆ. ಅದನ್ನು ವಾಕ್ ಅನ್ನುತ್ತಾರೆ. ಪಿಚರ್‌ಗಳ ಕೆಲಸ ಹೋಗುವುದು ಹೆಚ್ಚಾಗಿ ಈ ವಾಕ್‌ಗಳಿಂದ.

ಹಿಲ್ ಹುಟ್ಟಿದ್ದು ಬಾಸ್ಟನ್‌ನಲ್ಲಿ, 1980ರ ಮಾರ್ಚ್ 11ರಂದು. ಬೆಳೆದದ್ದು ಪಕ್ಕದ ಮಿಲ್ಟನ್‌ನಲ್ಲಿ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಆಡಿದರು. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೂರು ಸಲ ಹೆಸರು ಬಂತು. 1999ರಲ್ಲಿ ಸಿನ್ಸಿನಾಟಿ, 2001ರಲ್ಲಿ ಏಂಜಲ್ಸ್. ಎರಡು ಸಲವೂ ಸಹಿ ಹಾಕಲಿಲ್ಲ. 2002ರಲ್ಲಿ ಶಿಕಾಗೊ ಕಬ್ಸ್ ನಾಲ್ಕನೇ ಸುತ್ತಿನಲ್ಲಿ ಆರಿಸಿಕೊಂಡಿತು. 2005ರ ಜೂನ್‌ನಲ್ಲಿ ಮೇಜರ್ ಲೀಗ್‌ಗೆ ಬಂದರು.

2007 ಅವರಿಗೆ ಒಳ್ಳೆಯ ವರ್ಷ. 32 ಆಟ ಶುರು ಮಾಡಿದರು, 195 ಇನಿಂಗ್ಸ್, 183 ಸ್ಟ್ರೈಕ್‌ಔಟ್, 11 ಗೆಲುವು. ಕಬ್ಸ್ ಪ್ಲೇಆಫ್‌ಗೆ ಹೋದಾಗ ಒಂದು ಆಟವನ್ನು ಅವರ ಕೈಗೇ ಕೊಟ್ಟಿತು. 27 ವರ್ಷದ ಎಡಗೈ ಪಿಚರ್, ಕೈಯಲ್ಲಿ ಚೆಂದದ ಕರ್ವ್‌ಬಾಲ್. ಮುಂದಿನ ಹತ್ತು ವರ್ಷ ಇವರು ಇಲ್ಲೇ ಇರುತ್ತಾರೆ ಅಂತ ಯಾರಾದರೂ ಅಂದುಕೊಳ್ಳುತ್ತಿದ್ದರು.

2008ರಲ್ಲಿ ಚೌಕಟ್ಟು ಕೈತಪ್ಪಿತು. ಐದು ಆಟಗಳಲ್ಲಿ 20 ಇನಿಂಗ್ಸ್ ಕೂಡ ತುಂಬಿರಲಿಲ್ಲ, 18 ವಾಕ್ ಆಗಿತ್ತು. ಕಬ್ಸ್ ಅವರನ್ನು ಕೆಳಗಿನ ಲೀಗ್‌ಗೆ ಕಳಿಸಿತು. ಮರುವರ್ಷ ಬಾಲ್ಟಿಮೋರ್‌ಗೆ ಕೊಟ್ಟುಬಿಟ್ಟಿತು. ಬಾಲ್ಟಿಮೋರ್‌ನಲ್ಲಿ ಭುಜ ಕೆಟ್ಟಿತು, ಶಸ್ತ್ರಚಿಕಿತ್ಸೆ ಆಯಿತು. 2010ರಲ್ಲಿ ಸೇಂಟ್ ಲೂಯಿಸ್‌ನ ಮೈನರ್ ಲೀಗ್, ಅದೇ ವರ್ಷ ಬಾಸ್ಟನ್. 2011ರಲ್ಲಿ ಮೊಣಕೈ ಹೋಯಿತು.

ಆ ಮೊಣಕೈ ಶಸ್ತ್ರಚಿಕಿತ್ಸೆಗೆ ಟಾಮಿ ಜಾನ್ ಅಂತ ಹೆಸರು. 1974ರಲ್ಲಿ ಮೊದಲು ಮಾಡಿಸಿಕೊಂಡ ಪಿಚರ್ ಹೆಸರೇ ಅದಕ್ಕೆ ಉಳಿದಿದೆ. ಮೊಣಕೈ ಒಳಭಾಗದ ಹರಿದ ಲಿಗಮೆಂಟ್ ಜಾಗಕ್ಕೆ ದೇಹದ ಬೇರೆ ಕಡೆಯಿಂದ ತೆಗೆದ ಸ್ನಾಯುರಜ್ಜು ಹಾಕಿ ಕಟ್ಟುತ್ತಾರೆ. ಮತ್ತೆ ಎಸೆಯಲು ಸಾಮಾನ್ಯವಾಗಿ ವರ್ಷ ಹಿಡಿಯುತ್ತದೆ. ಹಿಲ್ 2011ರ ಜೂನ್‌ನಲ್ಲಿ ಮಾಡಿಸಿಕೊಂಡು 2012ರ ವಸಂತಕ್ಕೇ ವಾಪಸ್ ಬಂದರು.

ಈ ವರ್ಷಗಳಲ್ಲಿ ಅವರಿಗೆ ಸಿಕ್ಕ ಕೆಲಸ ಬೇರೆ. ಕೈಯನ್ನು ಪಕ್ಕಕ್ಕೆ ಇಳಿಸಿ ಎಸೆಯುವುದನ್ನು ರೂಢಿ ಮಾಡಿಕೊಂಡರು. ಎಡಗೈ ಬ್ಯಾಟರ್ ಬಂದಾಗ ಒಳಗೆ ಕರೆಯುತ್ತಾರೆ, ಒಬ್ಬಿಬ್ಬರಿಗೆ ಎಸೆದು ವಾಪಸ್ ಹೋಗಬೇಕು. ಆಗ ಪ್ರತಿ ತಂಡದಲ್ಲೂ ಇಂಥ ಒಬ್ಬ ಎಡಗೈ ಪಿಚರ್ ಇರುತ್ತಿದ್ದರು. (2020ರಲ್ಲಿ ನಿಯಮ ಬದಲಾಯಿತು. ಒಳಗೆ ಬಂದ ಪಿಚರ್ ಕನಿಷ್ಠ ಮೂರು ಬ್ಯಾಟರ್‌ಗಳಿಗೆ ಎಸೆಯಬೇಕು, ಇಲ್ಲವೇ ಇನಿಂಗ್ಸ್ ಮುಗಿಸಬೇಕು. ಅಲ್ಲಿಗೆ ಆ ಕೆಲಸವೇ ಹೆಚ್ಚುಕಡಿಮೆ ಮುಗಿಯಿತು.) 2013ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹಿಲ್ 63 ಆಟಗಳಲ್ಲಿ ಎಸೆದರು, ಆದರೆ ಇನಿಂಗ್ಸ್ ಲೆಕ್ಕ 40 ಮುಟ್ಟಲಿಲ್ಲ. 195 ಇನಿಂಗ್ಸ್ ಹೊತ್ತ ಕೈಗೆ ದಿನಕ್ಕೆ ಒಬ್ಬಿಬ್ಬರು ಬ್ಯಾಟರ್. ಕೈ ಪಕ್ಕಕ್ಕೆ ಇಳಿದಾಗ ಕರ್ವ್‌ಬಾಲ್ ಮೇಲಿಂದ ಕೆಳಕ್ಕೆ ಬೀಳುವುದೂ ನಿಂತುಹೋಗುತ್ತದೆ. ಅಂದರೆ ಅವರ ಹತ್ತಿರ ಇದ್ದ ಅತ್ಯುತ್ತಮ ಎಸೆತವನ್ನೇ ಬದಿಗಿಟ್ಟು ಕೆಲಸ ಉಳಿಸಿಕೊಳ್ಳಬೇಕಾಗಿತ್ತು. ಈ ವರ್ಷಗಳನ್ನು ನೋಡುವಾಗ ನನಗೆ ಜಾಸ್ತಿ ಬೇಜಾರಾಗುವುದು ಇದಕ್ಕೇ.

ಮನೆಯಲ್ಲಿ ಅದಕ್ಕಿಂತ ದೊಡ್ಡ ದುಃಖ ಇತ್ತು. 2013ರ ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಗಂಡುಮಗು ಎರಡು ತಿಂಗಳು ತುಂಬುವ ಮೊದಲೇ ತೀರಿಕೊಂಡಿತು. ಹಿಲ್ ಇದರ ಬಗ್ಗೆ ಆಮೇಲೆ ಬಹಿರಂಗವಾಗಿ ಮಾತಾಡಿದ್ದಾರೆ. ಅದೇ 2014ರಲ್ಲಿ ಅವರು ಏಂಜಲ್ಸ್‌ಗೆ ಹೋದರು. ಎರಡು ಆಟಗಳಲ್ಲಿ ನಾಲ್ಕು ಬ್ಯಾಟರ್‌ಗಳಿಗೆ ಎಸೆದರು, ಒಬ್ಬರನ್ನೂ ಔಟ್ ಮಾಡಲಾಗಲಿಲ್ಲ. ತಂಡ ಬಿಟ್ಟುಬಿಟ್ಟಿತು. ಅಲ್ಲಿಂದ ಯಾಂಕೀಸ್. ಏಂಜಲ್ಸ್‌ಗೆ ಅವರು ಎಸೆದದ್ದು ಅಷ್ಟೇ, ಆದರೂ 14ರ ಲೆಕ್ಕದಲ್ಲಿ ಆ ಜೆರ್ಸಿಯೂ ಸೇರಿದೆ.

ಇಷ್ಟೊಂದು ತಂಡ ಬದಲಾಗುವುದು ಹೇಗೆ ಅಂತ ಕೇಳಬಹುದು. ನಮ್ಮಲ್ಲಿ ಐಪಿಎಲ್‌ನಲ್ಲಿ ಆರನ್ ಫಿಂಚ್ ಒಂಬತ್ತು ತಂಡಗಳಿಗೆ ಆಡಿದ್ದರು, ಆರ್‌ಸಿಬಿಗೂ ಆಡಿದ್ದು ನೆನಪಿರಬೇಕು. ಅಲ್ಲಿ ವರ್ಷಕ್ಕೊಮ್ಮೆ ಹರಾಜು, ಆಮೇಲೆ ಎರಡು ತಿಂಗಳು ಒಂದೇ ಬಣ್ಣ. ಮೇಜರ್ ಲೀಗ್‌ನಲ್ಲಿ ಸೀಸನ್ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ, 162 ಆಟ. ಅದರ ನಡುವೆಯೇ ಜನ ಬದಲಾಗುತ್ತಿರುತ್ತಾರೆ. ಮೈದಾನಕ್ಕೆ ಇಳಿಯುವ ಪಟ್ಟಿಯಲ್ಲಿ 26 ಜನ, ತಂಡ ಹಿಡಿದಿಟ್ಟುಕೊಳ್ಳುವ ದೊಡ್ಡ ಪಟ್ಟಿಯಲ್ಲಿ 40. ಹೊಸಬ ಬರಬೇಕು ಅಂದರೆ ಹಳಬ ಹೋಗಬೇಕು. ಈ 40ರ ಪಟ್ಟಿಯಿಂದ ಒಬ್ಬರ ಹೆಸರು ತೆಗೆದರೆ ಅವರ ಮುಂದಿನ ದಾರಿ ಏಳು ದಿನದೊಳಗೆ ತೀರ್ಮಾನ ಆಗಬೇಕು. ಬೇರೆ ತಂಡ ಕೇಳಿದರೆ ಹೋಗುತ್ತಾರೆ, ಕೇಳದಿದ್ದರೆ ಮೈನರ್ ಲೀಗ್, ಇಲ್ಲವೇ ಬಿಡುಗಡೆ. ಜುಲೈ ಕೊನೆಯಲ್ಲಿ ಅದಲುಬದಲಿನ ಗಡುವು. ಆ ವಾರ ಎಷ್ಟೋ ಆಟಗಾರರು ಬೆಳಿಗ್ಗೆ ಒಂದು ಊರಿನಲ್ಲಿ ಎದ್ದು ರಾತ್ರಿ ಇನ್ನೊಂದು ಊರಿನ ಹೋಟೆಲ್‌ನಲ್ಲಿ ಮಲಗುತ್ತಾರೆ. ಹೆಂಡತಿ ಮಕ್ಕಳು, ಬಾಡಿಗೆ ಮನೆ, ಸ್ಕೂಲು, ಇವೆಲ್ಲ ಹಿಂದೆಯೇ ಉಳಿದಿರುತ್ತವೆ.

ದುಡ್ಡಿನ ಅಂತರವೂ ಗೊತ್ತಿರಲಿ. 2025ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,60,000 ಡಾಲರ್. ದಿನದ ಲೆಕ್ಕದಲ್ಲಿ ನಾಲ್ಕು ಸಾವಿರ ಡಾಲರ್ ದಾಟುತ್ತದೆ. ಅದರ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಲೀಗ್‌ನಲ್ಲಿ, 2023ರಲ್ಲಿ ಆಟಗಾರರ ಸಂಘದ ಹೋರಾಟದಿಂದ ಏರಿದ ಮೇಲೂ, ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್. ಪಿಂಚಣಿ ಬರಬೇಕಾದರೆ ಮೇಜರ್ ಲೀಗ್ ಪಟ್ಟಿಯಲ್ಲಿ 43 ದಿನ ಇರಬೇಕು. ಹಾಗಾಗಿ ಎರಡು ವಾರ ಕರೆಸಿ ವಾಪಸ್ ಕಳಿಸುವುದು ದೂರದಿಂದ ನೋಡುವವರಿಗೆ ಅವಮಾನ ಅನಿಸಬಹುದು, ಆದರೆ ಆ ಎರಡು ವಾರವೇ ಒಂದು ಮನೆಯ ವರ್ಷದ ಖರ್ಚು.

ಈಗ ಮತ್ತೆ 2015ಕ್ಕೆ. ಡಕ್ಸ್ ಬಿಟ್ಟು ಹಿಲ್ ಬಂದದ್ದು ಬಾಸ್ಟನ್‌ನ ಟ್ರಿಪಲ್-ಎ ತಂಡ ಇದ್ದ ಪಾಟಕೆಟ್‌ಗೆ. ಅಲ್ಲಿ ಅವರ ಜೊತೆ ಕೂತು ಮಾತಾಡಿದವರು ಬ್ರಯಾನ್ ಬ್ಯಾನಿಸ್ಟರ್. ಬ್ಯಾನಿಸ್ಟರ್ ಹಿಂದೆ ತಾವೇ ಮೇಜರ್ ಲೀಗ್ ಪಿಚರ್. ದೊಡ್ಡ ವೇಗ ಇರಲಿಲ್ಲ, ಅದಕ್ಕೇ ಅಂಕಿಅಂಶ ಓದಿ, ತಲೆ ಓಡಿಸಿ ಬದುಕಿದವರು.  2015ರಲ್ಲಿ ರೆಡ್ ಸಾಕ್ಸ್‌ಗೆ ಪಿಚರ್‌ಗಳ ಎಸೆತಗಳನ್ನು ಅಳೆದು ನೋಡುವ ಕೆಲಸದಲ್ಲಿದ್ದರು.

ಆ ಹೊತ್ತಿಗೆ ಕ್ಯಾಮೆರಾ, ರಾಡಾರ್ ಇಟ್ಟು ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ, ಎಷ್ಟು ಇಂಚು ಬೀಳುತ್ತದೆ ಅಂತ ಅಳೆಯುವುದು ಶುರುವಾಗಿತ್ತು. ಹಿಲ್ ಅವರ ಕರ್ವ್‌ಬಾಲ್ ಇಡೀ ಆಟದಲ್ಲೇ ಅತ್ಯುತ್ತಮ ಕರ್ವ್‌ಬಾಲ್‌ಗಳ ಸಾಲಿನಲ್ಲಿ ನಿಲ್ಲುತ್ತದೆ ಅನ್ನುವುದು ಬ್ಯಾನಿಸ್ಟರ್ ಕಣ್ಣಿಗೆ ಬಿದ್ದಿತ್ತು. ಹಳೆಯ ಪಾಠ ಏನೆಂದರೆ, ಮೊದಲು ಫಾಸ್ಟ್‌ಬಾಲ್ ನೆಲೆಗೊಳಿಸು, ಕರ್ವ್‌ಬಾಲ್ ಆಗಾಗ ತೋರಿಸು. ಬ್ಯಾನಿಸ್ಟರ್ ಹೇಳಿದ್ದು ಇದರ ತಿರುಗುಮುರುಗು. ಕರ್ವ್‌ಬಾಲನ್ನೇ ಜಾಸ್ತಿ ಎಸೆಯಿರಿ. ಒಂದೇ ತರ ಎಸೆಯಬೇಡಿ, ವೇಗ ಬದಲಿಸಿ, ಬೀಳುವ ರೀತಿ ಬದಲಿಸಿ, ಒಂದು ಎಸೆತದಿಂದ ಐದಾರು ಎಸೆತ ಮಾಡಿಕೊಳ್ಳಿ. ಕಲಿಯಬೇಕಾದ ಹೊಸ ಎಸೆತ ಏನೂ ಇರಲಿಲ್ಲ. ಇದ್ದದ್ದನ್ನು ನಂಬಬೇಕಿತ್ತು, ಅಷ್ಟೇ.

ಹಿಲ್ ಎಸೆಯುವುದನ್ನು ನಿಧಾನ ಮಾಡಿ ನೋಡಿದರೆ ಇದು ಅರ್ಥ ಆಗುತ್ತದೆ. ಬೇಸ್‌ಬಾಲ್ ಚೆಂಡು ನಮ್ಮ ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ, ಹೆಚ್ಚೆಂದರೆ 149 ಗ್ರಾಂ. ಮೈತುಂಬ ಸುತ್ತಿಕೊಂಡು ಹೋಗುವ ಕೆಂಪು ಹೊಲಿಗೆ. ಹಿಲ್ ನಡುಬೆರಳನ್ನು ಹೊಲಿಗೆಯ ಅಂಚಿಗೆ ಒತ್ತಿ ಹಿಡಿಯುತ್ತಾರೆ, ಹೆಬ್ಬೆರಳು ಅಡಿಯಲ್ಲಿ. ಕೈ ತಲೆಯ ಮೇಲಿಂದ ಇಳಿಯುವಾಗ ನಡುಬೆರಳು ಚೆಂಡಿನ ಮುಂಭಾಗವನ್ನು ಕೆಳಕ್ಕೆ ಎಳೆಯುತ್ತದೆ, ಹೆಬ್ಬೆರಳು ಮೇಲಕ್ಕೆ ಹೋಗುತ್ತದೆ. ಚೆಂಡು ಮುಂದಕ್ಕೆ ಉರುಳುವ ಹಾಗೆ ಸುತ್ತುತ್ತಾ ಹೊರಡುತ್ತದೆ. ಸ್ಪಿನ್ನರ್ ಹಾಕುವ ಟಾಪ್‌ಸ್ಪಿನ್ ಇದೇ. ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ಬ್ಯಾಟರ್‌ಗೆ ಮೊದಲು ಕಾಣುವುದು ಭುಜದ ಎತ್ತರದಲ್ಲಿ ಬರುತ್ತಿರುವ ಚೆಂಡು. ಬಿಟ್ಟುಬಿಡೋಣ ಅನ್ನುವಷ್ಟರಲ್ಲಿ ಅದು ಇಳಿದು ಮೊಣಕಾಲಿನ ಹತ್ತಿರ ಚೌಕಟ್ಟಿನೊಳಗೆ ಬಿದ್ದಿರುತ್ತದೆ.

ಅವರ ಫಾಸ್ಟ್‌ಬಾಲ್ ಗಂಟೆಗೆ ಸುಮಾರು 145 ಕಿಲೊಮೀಟರ್. ಈಗಿನ ಮೇಜರ್ ಲೀಗ್‌ನಲ್ಲಿ ಇದು ನಿಧಾನದ ಲೆಕ್ಕ. ಆದರೆ ಅದು ಸುತ್ತುವುದು ಹಿಂದಕ್ಕೆ, ಕರ್ವ್‌ಬಾಲ್‌ಗೆ ಸರಿಯಾಗಿ ಎದುರು ದಿಕ್ಕಿಗೆ. ಎರಡೂ ಒಂದೇ ಕೈಯಿಂದ, ಒಂದೇ ಎತ್ತರದಿಂದ ಹೊರಡುತ್ತವೆ. ಒಂದು ನಿರೀಕ್ಷೆಗಿಂತ ಮೇಲೆಯೇ ಉಳಿಯುತ್ತದೆ, ಇನ್ನೊಂದು ಬಿದ್ದುಹೋಗುತ್ತದೆ. ಕರ್ವ್‌ಬಾಲನ್ನು ಎರಡರಲ್ಲಿ ಒಂದು ಸಲ ಎಸೆದರೆ ಬ್ಯಾಟರ್‌ಗೆ 145 ಕೂಡ ವೇಗವೇ.

2015ರ ಸೆಪ್ಟೆಂಬರ್ 13. ಟ್ಯಾಂಪಾ ಬೇ ವಿರುದ್ಧ ಅವರದೇ ಮೈದಾನದಲ್ಲಿ ಹಿಲ್ ಆಟ ಶುರು ಮಾಡಿದರು. 2009ರ ನಂತರ ಸ್ಟಾರ್ಟರ್ ಆಗಿ ಮೊದಲ ಸಲ. ಏಳು ಇನಿಂಗ್ಸ್, ಒಂದೇ ಹಿಟ್ (ಬ್ಯಾಟರ್ ಹೊಡೆದು ಬೇಸ್ ಮುಟ್ಟುವುದು), 10 ಸ್ಟ್ರೈಕ್‌ಔಟ್. ಮುಂದಿನ ಆಟದಲ್ಲೂ 10. ಅದರ ಮುಂದಿನದರಲ್ಲಿ ಬಾಲ್ಟಿಮೋರ್ ವಿರುದ್ಧ ಪೂರ್ತಿ ಒಂಬತ್ತು ಇನಿಂಗ್ಸ್ ಒಬ್ಬರೇ ಎಸೆದು, ರನ್ ಕೊಡದೆ, ಮತ್ತೆ 10. ಆ ಸೀಸನ್‌ನ ನಾಲ್ಕು ಆಟಗಳಲ್ಲಿ 29 ಇನಿಂಗ್ಸ್, 36 ಸ್ಟ್ರೈಕ್‌ಔಟ್, ಐದೇ ವಾಕ್. ಏಳು ವರ್ಷದ ಹಿಂದೆ 20 ಇನಿಂಗ್ಸ್ ತುಂಬುವ ಮೊದಲು 18 ವಾಕ್ ಕೊಟ್ಟಿದ್ದವರು ಇವರೇ.

ನಾಲ್ಕೇ ಆಟ ನೋಡಿ ಓಕ್‌ಲ್ಯಾಂಡ್ ಒಂದು ವರ್ಷಕ್ಕೆ 60 ಲಕ್ಷ ಡಾಲರ್ ಕೊಟ್ಟಿತು. ಆಗ ಎಷ್ಟೋ ಜನ ಇದು ಹುಚ್ಚು ಅಂದುಕೊಂಡಿರಬೇಕು. 2016ರ ಮೊದಲ ದಿನದ ಆಟ ಶುರು ಮಾಡಬೇಕಿದ್ದ ಸಾನಿ ಗ್ರೇ ಹೊಟ್ಟೆ ಕೆಟ್ಟು ಮಲಗಿದಾಗ, ಆ ಜಾಗಕ್ಕೆ ಬಂದದ್ದು ಹಿಲ್. ಎಂಟು ತಿಂಗಳ ಹಿಂದೆ ಡಕ್ಸ್‌ನಲ್ಲಿದ್ದವರು! ಆ ವರ್ಷ ಆಗಸ್ಟ್ 1ಕ್ಕೆ ಲಾಸ್ ಏಂಜಲಿಸ್ ಡಾಜರ್ಸ್ ಮೂವರು ಯುವ ಪಿಚರ್‌ಗಳನ್ನು ಕೊಟ್ಟು ಹಿಲ್ ಮತ್ತು ಜಾಶ್ ರೆಡಿಕ್ ಇಬ್ಬರನ್ನೂ ತಂದಿತು.

ಆದರೆ ಅದೇ ನಡುಬೆರಳು ಕಾಟ ಕೊಡಲು ಶುರುಮಾಡಿತು. ಹೊಲಿಗೆಗೆ ಒತ್ತಿ ಒತ್ತಿ ಬೊಬ್ಬೆ ಬಂತು. ಜುಲೈನಲ್ಲಿ ಒಂದು ಆಟದಲ್ಲಿ ಐದು ಎಸೆತಕ್ಕೇ ಹೊರಬಂದಿದ್ದರು. ಭುಜ, ಮೊಣಕೈ ಎರಡನ್ನೂ ಕೊಯ್ಯಿಸಿಕೊಂಡು ವಾಪಸ್ ಬಂದ ಮನುಷ್ಯನನ್ನು ಬೆರಳಿನ ತುದಿಯ ಚರ್ಮ ನಿಲ್ಲಿಸುತ್ತಿತ್ತು. ಸೆಪ್ಟೆಂಬರ್ 10ರಂದು ಮಯಾಮಿಯಲ್ಲಿ ಏಳು ಇನಿಂಗ್ಸ್ ಎಸೆದರು. 21 ಬ್ಯಾಟರ್ ಬಂದರು, 21 ಜನವೂ ಔಟ್. ಇನ್ನು ಆರು ಜನ ಔಟಾದರೆ ಪರ್ಫೆಕ್ಟ್ ಗೇಮ್. ಅಂದರೆ ಎದುರಾಳಿಯ 27 ಜನರಲ್ಲಿ ಒಬ್ಬರೂ ಬೇಸ್ ಮುಟ್ಟದ ಆಟ. ಮೇಜರ್ ಲೀಗ್ ಇತಿಹಾಸದಲ್ಲಿ 2025ರವರೆಗೆ ಅದು ಆಗಿರುವುದು 24 ಸಲ. ಎಸೆದದ್ದು 89 ಚೆಂಡು ಮಾತ್ರ, ಇನ್ನೂ ದಮ್ಮಿತ್ತು. ಮ್ಯಾನೇಜರ್ ಡೇವ್ ರಾಬರ್ಟ್ಸ್ ಬೆರಳು ನೋಡಿ, ಸಾಕು ಅಂದರು. ತಂಡಕ್ಕೆ ಅಕ್ಟೋಬರ್‌ನ ಪ್ಲೇಆಫ್‌ಗೆ ಹಿಲ್ ಬೇಕಿತ್ತು. ರಾಬರ್ಟ್ಸ್ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೂ ಹತ್ತು ವರ್ಷ ಕಾದವರಿಗೆ ಇಂಥ ರಾತ್ರಿ ಇನ್ನೊಂದು ಸಿಗುತ್ತದೆ ಅಂತ ಯಾರು ಹೇಳಬಲ್ಲರು?

ಸಿಕ್ಕಿತು. ಮರುವರ್ಷವೇ ಸಿಕ್ಕಿತು. ಡಿಸೆಂಬರ್‌ನಲ್ಲಿ ಡಾಜರ್ಸ್ ಮೂರು ವರ್ಷಕ್ಕೆ 4.8 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತ್ತು. ಅದನ್ನು ಪ್ರಕಟಿಸುವ ಪತ್ರಿಕಾಗೋಷ್ಠಿಯಲ್ಲಿ ಹಿಲ್‌ಗೆ ಗಂಟಲು ಕಟ್ಟಿ ಮಾತು ಹೊರಡಲಿಲ್ಲ. 2017ರ ಆಗಸ್ಟ್ 23ರ ಸಂಜೆ ಪಿಟ್ಸ್‌ಬರ್ಗ್‌ನಲ್ಲಿ ಆಟ. ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಆಟ ನಮಗೆ ಬೆಂಗಳೂರಿನಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ. ನೇರ ನೋಡಲು ನನಗೆ ಆಗಿರಲಿಲ್ಲ. ಆಮೇಲೆ ಫಲಿತಾಂಶ ಗೊತ್ತಿದ್ದೂ ಪೂರ್ತಿ ನೋಡಿದೆ, ಆದರೂ ಎಂಟನೇ ಇನಿಂಗ್ಸ್‌ನಲ್ಲಿ ಎದೆ ಹೊಡೆದುಕೊಳ್ಳುವುದು ತಪ್ಪಲಿಲ್ಲ.

ಎಂಟು ಇನಿಂಗ್ಸ್ ಮುಗಿಯಿತು. 24 ಬ್ಯಾಟರ್, 24 ಔಟ್. ಡಾಜರ್ಸ್‌ನ ಚೇಸ್ ಅಟ್ಲಿ ಎಂಟನೆಯದರಲ್ಲಿ ಮೈಚಾಚಿ ಬಿದ್ದು ಒಂದು ಕ್ಯಾಚ್ ಹಿಡಿದಿದ್ದರು. ಆದರೆ ಡಾಜರ್ಸ್ ಬ್ಯಾಟರ್‌ಗಳೂ ಒಂದು ರನ್ ಹೊಡೆದಿರಲಿಲ್ಲ. ಆ ವರ್ಷ 104 ಆಟ ಗೆದ್ದ ತಂಡ ಅದು, ಅವತ್ತು ಮಾತ್ರ ಸೊನ್ನೆ. ಒಂಬತ್ತನೆಯದರ ಮೊದಲ ಬ್ಯಾಟರ್ ಜಾರ್ಡಿ ಮರ್ಸರ್. ಹೊಡೆದ ಚೆಂಡು ಮೂರನೇ ಬೇಸ್‌ನಲ್ಲಿದ್ದ ಲೋಗನ್ ಫೋರ್ಸೈತ್ ಕಡೆ ಹೋಯಿತು. ಕೈಗೆ ಸಿಗಲಿಲ್ಲ. ಲೆಕ್ಕದಲ್ಲಿ ಅದು ಹಿಟ್ ಅಲ್ಲ, ಫೀಲ್ಡರ್‌ನ ತಪ್ಪು. ಪರ್ಫೆಕ್ಟ್ ಗೇಮ್ ಹೋಯಿತು, ನೋ-ಹಿಟ್ಟರ್ (ಒಂದೂ ಹಿಟ್ ಕೊಡದ ಆಟ) ಉಳಿಯಿತು. ಹಿಲ್ ಮುಂದಿನ ಮೂವರನ್ನು ಔಟ್ ಮಾಡಿದರು. ಒಂಬತ್ತು ಇನಿಂಗ್ಸ್, ಒಂದು ಹಿಟ್ಟೂ ಇಲ್ಲ, ಒಂದು ವಾಕೂ ಇಲ್ಲ, ಆದರೂ ಗೆಲುವಿಲ್ಲ.

ಹತ್ತನೆಯದಕ್ಕೂ ಅವರೇ ಬಂದರು. ಮೊದಲ ಬ್ಯಾಟರ್ ಜಾಶ್ ಹ್ಯಾರಿಸನ್. ಹಿಲ್ ಅವರ 99ನೇ ಎಸೆತ ಎಡಬದಿಯ ಬೇಲಿ ದಾಟಿತು. ಆಟ ಮುಗಿಯಿತು, 1-0. ಹೆಚ್ಚುವರಿ ಇನಿಂಗ್ಸ್‌ನಲ್ಲಿ ಆಟ ಮುಗಿಸುವ ಹೋಮ್ ರನ್‌ಗೆ ನೋ-ಹಿಟ್ಟರ್ ಕಳೆದುಕೊಂಡ ಪಿಚರ್ ಅದಕ್ಕೆ ಮೊದಲು ಒಬ್ಬರೂ ಇರಲಿಲ್ಲ. ಪತ್ರಕರ್ತರ ಮುಂದೆ ಹಿಲ್ ಫೋರ್ಸೈತ್ ಮೇಲಾಗಲೀ, ರನ್ ಹೊಡೆಯದ ಬ್ಯಾಟರ್‌ಗಳ ಮೇಲಾಗಲೀ ಹಾಕಲಿಲ್ಲ. ಇದು ನನ್ನದು, ಒಂದು ಕೆಟ್ಟ ಎಸೆತ ಅನ್ನುವ ಅರ್ಥದಲ್ಲಿ ಹೇಳಿ ಮುಗಿಸಿದರು. ಎಷ್ಟೋ ಡ್ರೆಸ್ಸಿಂಗ್ ರೂಮ್ ನೋಡಿದವರು ಹೀಗೆ ಮಾತಾಡುತ್ತಾರೆ ಅಂತ ನನಗೆ ಅನಿಸುತ್ತದೆ. ಪಕ್ಕದಲ್ಲಿರುವವನ ಕೆಲಸ ಎಷ್ಟು ಬೇಗ ಹೋಗಬಹುದು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎಡ್ವಿನ್ ಜಾಕ್ಸನ್ ಕತೆ ಇದಕ್ಕೆ ಎದುರಿನದು. ತಂದೆ ಅಮೆರಿಕದ ಸೈನ್ಯದಲ್ಲಿದ್ದಾಗ ಜರ್ಮನಿಯ ನಾಯ್-ಉಲ್ಮ್‌ನಲ್ಲಿ ಹುಟ್ಟಿದವರು. 2003ರಲ್ಲಿ, ತಮ್ಮ 20ನೇ ಹುಟ್ಟುಹಬ್ಬದ ದಿನ, ಮೊದಲ ಆಟದಲ್ಲೇ ದೊಡ್ಡ ಪಿಚರ್ ರ‍್ಯಾಂಡಿ ಜಾನ್ಸನ್ ಎದುರು ಗೆದ್ದರು. ಜಾಕ್ಸನ್‌ಗೆ ವೇಗ ಇತ್ತು, ಗಟ್ಟಿ ದೇಹ ಇತ್ತು. ಚೌಕಟ್ಟು ಮಾತ್ರ ಒಮ್ಮೆ ಸಿಕ್ಕರೆ ಇನ್ನೊಮ್ಮೆ ಸಿಗುತ್ತಿರಲಿಲ್ಲ. 2010ರ ಜೂನ್ 25ರಂದು ಅರಿಝೋನಾ ಪರ, ತಮ್ಮ ಹಳೆಯ ತಂಡ ಟ್ಯಾಂಪಾ ಬೇ ವಿರುದ್ಧ ಎಸೆದ ನೋ-ಹಿಟ್ಟರ್ ನೋಡಿದರೆ ಇಡೀ ಮನುಷ್ಯ ಅರ್ಥ ಆಗುತ್ತಾರೆ. ಮೊದಲ ಮೂರು ಇನಿಂಗ್ಸ್‌ನಲ್ಲೇ ಏಳು ವಾಕ್. ಮೂರನೆಯದರಲ್ಲಿ ಮೂರೂ ಬೇಸ್ ತುಂಬಿತ್ತು, ಒಬ್ಬರೂ ಔಟ್ ಆಗಿರಲಿಲ್ಲ, ಅಲ್ಲಿಂದಲೂ ರನ್ ಕೊಡದೆ ಪಾರಾದರು. ಒಟ್ಟು ಎಂಟು ವಾಕ್, 149 ಎಸೆತ, ಹಿಟ್ ಸೊನ್ನೆ, ಗೆಲುವು 1-0. ಈಗಿನ ಕಾಲದಲ್ಲಿ 100 ದಾಟಿದರೆ ಮ್ಯಾನೇಜರ್ ಎದ್ದು ನಿಲ್ಲುತ್ತಾರೆ. ಅಂಥ ಆಟ ಆಡಿದ ಐದು ವಾರಕ್ಕೆ ಅರಿಝೋನಾ ಅವರನ್ನು ಶಿಕಾಗೊ ವೈಟ್ ಸಾಕ್ಸ್‌ಗೆ ಕೊಟ್ಟುಬಿಟ್ಟಿತು.

ಮರುವರ್ಷ ಜುಲೈ 27ರಂದು ವೈಟ್ ಸಾಕ್ಸ್ ಅವರನ್ನು ಟೊರಾಂಟೊಗೆ ಕಳಿಸಿತು, ಟೊರಾಂಟೊ ಅದೇ ದಿನ ಸೇಂಟ್ ಲೂಯಿಸ್‌ಗೆ ಕಳಿಸಿತು. ಆ ಸೇಂಟ್ ಲೂಯಿಸ್ ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್) ಗೆದ್ದಿತು. ಟೊರಾಂಟೊ ಪರ ಅವರು ನಿಜವಾಗಿ ಎಸೆದದ್ದು ಎಂಟು ವರ್ಷ ಆದಮೇಲೆ, 2019ರ ಮೇನಲ್ಲಿ. ಅದೇ 14ನೇ ತಂಡ. ಅದರಿಂದ ಆಕ್ಟೇವಿಯೊ ಡೊಟೆಲ್ ಅವರ 13 ತಂಡಗಳ ದಾಖಲೆ ಮುರಿಯಿತು. ಒಟ್ಟು 107 ಗೆಲುವು, 133 ಸೋಲು. ಆಮೇಲೆ ಟೋಕಿಯೊ ಒಲಿಂಪಿಕ್ಸ್‌ಗೆ ಅಮೆರಿಕದ ತಂಡದಲ್ಲಿ ಹೋಗಿ ಬೆಳ್ಳಿ ತಂದರು. ಸೋಲೇ ಜಾಸ್ತಿ ಇರುವ ಪಿಚರ್‌ಗೆ 133 ಸೋಲು ಆಗುವಷ್ಟು ಕಾಲ ಚೆಂಡು ಕೊಟ್ಟಿದ್ದಾರೆ ಅಂದರೆ, ಪ್ರತಿ ಐದನೇ ದಿನ ಎದ್ದು ಬಂದು ಇನಿಂಗ್ಸ್ ಹೊರುವ ಕೈ ಎಷ್ಟು ಅಪರೂಪ ಅಂತ ತಿಳಿಯಬೇಕು. ಅಂಥವರಿಲ್ಲದೆ 162 ಆಟದ ಸೀಸನ್ ಯಾವ ತಂಡಕ್ಕೂ ಮುಗಿಯುವುದಿಲ್ಲ.

ಹಿಲ್‌ಗೆ 2020ರಲ್ಲಿ 40 ತುಂಬಿತು. ಅಲ್ಲಿಂದ ಊರುಗಳು ಬೇಗಬೇಗ ಬದಲಾದವು. ಮಿನಸೋಟ, ಟ್ಯಾಂಪಾ ಬೇ, ನ್ಯೂಯಾರ್ಕ್ ಮೆಟ್ಸ್, ಮತ್ತೆ ಬಾಸ್ಟನ್, ಪಿಟ್ಸ್‌ಬರ್ಗ್, ಸ್ಯಾನ್ ಡಿಯೇಗೊ. ಇದರಲ್ಲಿ ನನಗೆ ನಿಂತು ನೋಡಬೇಕು ಅನಿಸುವುದು 2022ರ ಏಪ್ರಿಲ್. ಹಿಲ್ ಅವರ ತಂದೆ ಬಾಸ್ಟನ್ ಮ್ಯಾರಥಾನ್ ಅನ್ನು 37 ಸಲ ಓಡಿದ್ದವರು. ಆ ತಿಂಗಳು, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಮೂರು ದಿನಕ್ಕೆ ಪೇಟ್ರಿಯಟ್ಸ್ ಡೇ. ಬಾಸ್ಟನ್‌ನಲ್ಲಿ ಅವತ್ತೇ ಮ್ಯಾರಥಾನ್, ಅವತ್ತೇ ರೆಡ್ ಸಾಕ್ಸ್ ಆಟ ಬೆಳಿಗ್ಗೆಯೇ ಶುರುವಾಗುತ್ತದೆ. ಅವತ್ತಿನ ಆಟ ಶುರು ಮಾಡಿದ್ದು ಹಿಲ್. ಆ ದಿನ ಬಿಟ್ಟು ಬೇರೆ ಯಾವ ದಿನವೂ ಅವರಿಗೆ ಮುಖ್ಯ ಆಗಿರಲಾರದು.

2024ರಲ್ಲಿ ಅವರೇ ತಡ ಮಾಡಿದರು. ಮಗನ ಲಿಟಲ್ ಲೀಗ್ ತಂಡಕ್ಕೆ ಹೇಳಿಕೊಡುತ್ತಾ ಮನೆಯಲ್ಲಿದ್ದು, ಆಗಸ್ಟ್‌ನಲ್ಲಿ ಬಾಸ್ಟನ್‌ಗೆ ಸಹಿ ಹಾಕಿ ನಾಲ್ಕು ಆಟ ಎಸೆದರು. 2025ರ ಮೇನಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್ ಜೊತೆ ಮೈನರ್ ಲೀಗ್ ಒಪ್ಪಂದ. 45 ವರ್ಷದವರು ಒಮಾಹಾದಲ್ಲಿ ತಮ್ಮ ಅರ್ಧ ವಯಸ್ಸಿನ ಹುಡುಗರ ಜೊತೆ ಟ್ರಿಪಲ್-ಎ ಆಡಿದರು. ಜುಲೈ 22ಕ್ಕೆ ಕರೆ ಬಂತು. ಎದುರಾಳಿ ಶಿಕಾಗೊ ಕಬ್ಸ್, ಅವರದೇ ರಿಗ್ಲಿ ಫೀಲ್ಡ್‌ನಲ್ಲಿ. ಆ ಕಬ್ಸ್ ತಂಡದ ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 2002ರ ಮಾರ್ಚ್‌ನಲ್ಲಿ. ಅದೇ ವರ್ಷ ಜೂನ್‌ನಲ್ಲಿ ಕಬ್ಸ್ ಹಿಲ್ ಅವರನ್ನು ಡ್ರಾಫ್ಟ್‌ನಲ್ಲಿ ಆರಿಸಿತ್ತು. ಹಿಲ್ ಐದು ಇನಿಂಗ್ಸ್ ಎಸೆದರು. ಮೂರು ರನ್ ಬಂದವು, ಅದರಲ್ಲಿ ಅವರ ಲೆಕ್ಕಕ್ಕೆ ಬಿದ್ದದ್ದು ಒಂದೇ, ಉಳಿದವು ಫೀಲ್ಡಿಂಗ್ ತಪ್ಪಿನ ಲೆಕ್ಕಕ್ಕೆ. ಮುಂದಿನ ಆಟದಲ್ಲಿ ವಾಕ್‌ಗಳು ಜಾಸ್ತಿಯಾದವು. ರಾಯಲ್ಸ್ ಅವರನ್ನು ಪಟ್ಟಿಯಿಂದ ತೆಗೆಯಿತು.

ಮುಂಚೆಯೇ ನಿಲ್ಲಿಸಬಹುದಿತ್ತಲ್ವಾ ಅಂತ ಕೇಳುವವರಿದ್ದಾರೆ. ನನ್ನನ್ನು ಕಾಡುವುದು ಬೇರೆ ವಿಷಯ. ಬ್ಯಾನಿಸ್ಟರ್ ಪಾಟಕೆಟ್‌ನಲ್ಲಿ ಇರದೇ ಹೋಗಿದ್ದರೆ? ಹಿಲ್ ಹೆಸರು 2014ಕ್ಕೇ ಮುಗಿದಿರುತ್ತಿತ್ತು, ಆ ಕರ್ವ್‌ಬಾಲ್ ಅಷ್ಟು ಒಳ್ಳೆಯದು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರ ಜೊತೆ 2008ರಿಂದ 2014ರವರೆಗೆ ಬೇರೆ ಬೇರೆ ಊರುಗಳಲ್ಲಿ ಎಸೆದವರಲ್ಲಿ ಇಂಥ ಕೈ ಇನ್ನೂ ಎಷ್ಟಿದ್ದವೋ. ಅವರನ್ನು ಅಳೆಯುವ ಯಂತ್ರ ಬರುವ ಹೊತ್ತಿಗೆ ಅವರು ಮನೆಗೆ ಹೋಗಿಯಾಗಿತ್ತು. ಈಗ ಎಲ್ಲ ತಂಡಗಳೂ ಪ್ರತಿ ಎಸೆತದ ಸುತ್ತು ಎಣಿಸುತ್ತವೆ, ಒಳ್ಳೆಯ ಕರ್ವ್‌ಬಾಲ್ ಇದ್ದವರಿಗೆ ಅದನ್ನೇ ಎಸೆಯಿರಿ ಅನ್ನುವುದು ಮಾಮೂಲು ಮಾತಾಗಿದೆ. ಆ ಬದಲಾವಣೆಯ ಮಾತು ಬಂದಾಗೆಲ್ಲ ಹಿಲ್ ಹೆಸರು ಬಂದೇ ಬರುತ್ತದೆ.

ಬೇಸ್‌ಬಾಲ್ ಇದುವರೆಗೆ ನೋಡದವರು ಶುರು ಮಾಡುವುದಾದರೆ, 2015ರ ಸೆಪ್ಟೆಂಬರ್ 13ರ ಟ್ಯಾಂಪಾ ಆಟದ ತುಣುಕುಗಳಿಂದ ಶುರು ಮಾಡಿ. ಬ್ಯಾಟರ್‌ನನ್ನು ನೋಡಬೇಡಿ. ಕ್ಯಾಚರ್ ಕೈಗವಸು ಎಲ್ಲಿ ಹಿಡಿದಿದ್ದಾನೆ ನೋಡಿ, ಆಮೇಲೆ ಹಿಲ್ ಕೈಯಿಂದ ಚೆಂಡು ಹೊರಡುವ ಎತ್ತರ ನೋಡಿ. ನಾಲ್ಕೈದು ಎಸೆತ ಆಗುವಷ್ಟರಲ್ಲಿ ಯಾವುದು ಫಾಸ್ಟ್‌ಬಾಲ್, ಯಾವುದು ಕರ್ವ್‌ಬಾಲ್ ಅಂತ ನಿಮಗೂ ಗೊತ್ತಾಗುತ್ತದೆ. ಅದಾದ ಮೇಲೆ ಪಿಟ್ಸ್‌ಬರ್ಗ್ ಆಟಕ್ಕೆ ಹೋಗಿ.